ಓದುಗರ ಸ್ಪಂದನ: ಆ ಕಾಗದಕ್ಕೆ ಸಹಿ ಹಾಕಲೇ?

ಕಳೆದ ಸಂಚಿಕೆಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದ ಊರಿನಿಂದ ಒಬ್ಬ ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯ) ಹೆಣ್ಣುಮಗಳು ಬರೆದಿದ್ದರು. ವಯಸ್ಸು 34, ಇಬ್ಬರು ಮಕ್ಕಳು. ಗಲ್ಫ್‌ನಲ್ಲಿರುವ ಗಂಡನಿಂದ ಎರಡೂವರೆ ವರ್ಷದಿಂದ ದುಡ್ಡಿಲ್ಲ. ಮೂರು ತಿಂಗಳ ಹಿಂದೆ ವಾಟ್ಸಾಪ್‌ನಲ್ಲಿ ಮೂರು ಸಲ ತಲಾಖ್ ಹೇಳಿದ ವಾಯ್ಸ್ ಮೆಸೇಜ್ ಬಂತು. ಈಗ ಗಂಡನ ಮನೆಯವರು ‘ಖುಲಾ’ (ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ) ಎಂದು ಬರೆದ ಕಾಗದ ತಂದು ಸಹಿ ಕೇಳುತ್ತಿದ್ದಾರೆ. ಅಣ್ಣನ ಮನೆಯಲ್ಲಿ ಬೀಡಿ ಕಟ್ಟಿ ಬದುಕುತ್ತಿರುವ ಅವರ ಪ್ರಶ್ನೆ, ‘ಸಹಿ ಹಾಕಿ ಸುಮ್ಮನಾಗಲೇ?’ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಮಗಳೇ, ಹಾಕಬೇಡ. ನಾನು ಹಾಕಿದವಳು.

ಆಗ ನನಗೆ 26. ಮನೆ ಜಗಲಿಯಲ್ಲಿ ಐದಾರು ಗಂಡಸರು ಕೂತಿದ್ದರು. ನಾನು ಅಡಿಗೆಮನೆ ಬಾಗಿಲ ಹಿಂದೆ. ಕಾಗದ ಒಳಗೆ ಬಂತು, ಪೆನ್ನೂ ಬಂತು. ಏನು ಬರೆದಿದೆ ಅಂತ ಯಾರೂ ಓದಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಉಮ್ಮ ಅಳುತ್ತಿದ್ದರು. ಬೇಗ ಮುಗಿದರೆ ಸಾಕು ಅನ್ನಿಸಿತ್ತು. ‘ನನಗೆ ಬಿಡುಗಡೆ ಬೇಕು, ಮಹರ್ (ಮದುವೆಗೆ ಗಂಡ ಹೆಂಡತಿಗೆ ಕೊಡಬೇಕಾದ ಚಿನ್ನ, ದುಡ್ಡು) ಬೇಡ, ಇನ್ನೇನೂ ಕೇಳುವುದಿಲ್ಲ’ ಅಂತ ನಾನೇ ಬೇಡಿಕೊಂಡ ಹಾಗೆ ಅದರಲ್ಲಿತ್ತು ಎಂದು ಗೊತ್ತಾದದ್ದು ಎರಡು ವರ್ಷದ ಮೇಲೆ, ಮಗನನ್ನು ಶಾಲೆಗೆ ಸೇರಿಸುವಾಗ. ಬಿಟ್ಟವನು ಅವನು, ಕಾಗದದಲ್ಲಿ ಬಿಟ್ಟವಳು ನಾನು!

ಆಮೇಲೆ ಮಕ್ಕಳನ್ನು ಸಾಕಿದ್ದು ಬೀಡಿಯೇ. ರಾತ್ರಿ ಎಲೆ ನೆನೆಸಿಡುವುದು, ಬೆಳಿಗ್ಗೆ ಕತ್ತರಿಸುವುದು, ಮಧ್ಯಾಹ್ನದವರೆಗೆ ಕಟ್ಟುವುದು, ಬ್ರಾಂಚಿಗೆ, ಅಂದರೆ ಬೀಡಿ ತೆಗೆದುಕೊಳ್ಳುವ ಕೇಂದ್ರಕ್ಕೆ, ಹೊತ್ತುಕೊಂಡು ಹೋಗುವುದು. ಅಲ್ಲಿ ಒಂದು ಹಿಡಿ ಬೀಡಿ ‘ಸರಿಯಿಲ್ಲ’ ಅಂತ ಪಕ್ಕಕ್ಕೆ ಹೋಗುತ್ತದೆ. ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ಕೊಳ್ಳಬೇಕು. ನಿನಗೆ ಇದೆಲ್ಲ ಗೊತ್ತಿರುವುದೇ. ಆದರೂ ಬರೆದೆ. ‘ಬೀಡಿ ಇದೆಯಲ್ಲ, ನಡೆಯುತ್ತದೆ’ ಅಂತ ಹೇಳುವವರು ಕೂತು ಒಂದು ಸಾವಿರ ಕಟ್ಟಿ ನೋಡಲಿ.

— ಹಳೆಯ ಬೀಡಿ ಕೆಲಸದವಳು, ಬಂಟ್ವಾಳ ತಾಲ್ಲೂಕು

*

ನಾನು ವಕೀಲ ವೃತ್ತಿಯವಳು. ಭಾವನೆಯ ಮಾತು ಬೇರೆಯವರು ಬರೆಯುತ್ತಾರೆ, ನಾನು ಕಾಗದದ ಮಾತು ಹೇಳುತ್ತೇನೆ.

ಮೊದಲನೆಯದಾಗಿ, ಆ ವಾಯ್ಸ್ ಮೆಸೇಜ್‌ನಿಂದ ಕಾನೂನಿನ ಕಣ್ಣಿನಲ್ಲಿ ಏನೂ ಆಗಿಲ್ಲ. ಒಂದೇ ಉಸಿರಿನ ಮೂರು ತಲಾಖ್ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ಹೇಳಿತು. 2019ರ ಕಾಯ್ದೆ ಅದನ್ನು ಅಪರಾಧವೂ ಆಗಿಸಿತು. ಬಾಯಲ್ಲಿ ಹೇಳಲಿ, ಬರೆಯಲಿ, ಫೋನಿನಲ್ಲಿ ಕಳಿಸಲಿ, ಎಲ್ಲಾ ಒಂದೇ. ಮೂರು ವರ್ಷದವರೆಗೆ ಜೈಲು ಇದೆ. ನೀವು ಈಗಲೂ ಅವರ ಹೆಂಡತಿ.

ಹಾಗಂತ ನಾಳೆಯೇ ಪೊಲೀಸ್ ಠಾಣೆಗೆ ಹೋಗಿ ಎನ್ನುವುದಿಲ್ಲ. ಜೈಲಿನಲ್ಲಿ ಕೂತವನು ದುಡ್ಡು ಕಳಿಸುವುದಿಲ್ಲ, ಅಲ್ವಾ? ಆ ದೂರು ಕೊಡುವುದು ಬಿಡುವುದು ನಿಮ್ಮ ಇಷ್ಟ. ಜೀವನಾಂಶ ಕೇಳಲು ಅದು ಬೇಕಾಗಿಲ್ಲ. ಅದಕ್ಕೆ ಹಿಂದೆ 125 ಎನ್ನುತ್ತಿದ್ದ ಸೆಕ್ಷನ್ ಈಗ ಹೊಸ ಸಂಹಿತೆಯಲ್ಲಿ (ಬಿಎನ್‌ಎಸ್‌ಎಸ್) 144 ಆಗಿದೆ. ಗಂಡನ ಊರಿಗೆ ಅಲೆಯಬೇಕಿಲ್ಲ, ನೀವು ಇರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಮುಂದೆ ತಲಾಖ್ ಆದರೂ ಈ ದಾರಿ ಮುಚ್ಚುವುದಿಲ್ಲ. 2024ರ ಜುಲೈ 10ರಂದು, ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠವೇ ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಹಕ್ಕಿದೆ ಎಂದಿದೆ.

ಈಗ ಮುಖ್ಯ ವಿಷಯ. ಖುಲಾ ಎಂದರೆ ಹೆಂಡತಿ ಬಿಡುಗಡೆ ಕೇಳುವುದು. ಅದಕ್ಕೆ ಸಾಮಾನ್ಯವಾಗಿ ಅವಳು ಮಹರ್ ಬಿಟ್ಟುಕೊಡಬೇಕಾಗುತ್ತದೆ. ನಿಮಗೆ ನಿಜವಾಗಿಯೂ ಬಿಡುಗಡೆ ಬೇಕಿದ್ದರೆ ಬೇರೆ ದಾರಿ ಇದೆ. ಮುಸ್ಲಿಂ ವಿವಾಹ ವಿಸರ್ಜನೆಯ 1939ರ ಕಾಯ್ದೆಯಲ್ಲಿ, ಗಂಡ ಎರಡು ವರ್ಷ ಖರ್ಚಿಗೆ ಕೊಡದಿದ್ದರೆ ಹೆಂಡತಿ ಕೋರ್ಟಿನಿಂದ ವಿಚ್ಛೇದನ ಪಡೆಯಬಹುದು. ನಿಮ್ಮದು ಎರಡೂವರೆ ವರ್ಷ ಆಯಿತು. ಆ ದಾರಿಯಲ್ಲಿ ಹೋದರೆ ಮಹರ್ ಮೇಲಿನ ಹಕ್ಕು ಹೋಗುವುದಿಲ್ಲ, ಅದನ್ನು ಕಾಯ್ದೆಯೇ ಹೇಳಿದೆ. ಎರಡರಲ್ಲೂ ಮದುವೆ ಮುಗಿಯುತ್ತದೆ. ಒಂದರಲ್ಲಿ ಬರಿಗೈ, ಇನ್ನೊಂದರಲ್ಲಿ ಅಲ್ಲ.

ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಆ ಮೆಸೇಜ್ ಅಳಿಸಬೇಡಿ. ಮಕ್ಕಳ ಕೈಗೆ ಆ ಫೋನ್ ಕೊಡಲೂಬೇಡಿ!

— ವಕೀಲೆ, ಮಂಗಳೂರು

*

ನಾನು ನಮ್ಮೂರ ಮಸೀದಿ ಕಮಿಟಿಯಲ್ಲಿ ಹದಿನೈದು ವರ್ಷ ಇದ್ದವನು. ಜಮಾತ್ ಅಂದ ಕೂಡಲೇ ಎಲ್ಲರೂ ಕೋರ್ಟಿನ ಕಡೆ ಬೆರಳು ತೋರಿಸುವುದು ನನಗೆ ಹಿಡಿಸುವುದಿಲ್ಲ. ನ್ಯಾಯವಾಗಿ ನಡೆದ ಪಂಚಾಯಿತಿಯನ್ನೂ ನಾನು ನೋಡಿದ್ದೇನೆ. ಒಂದೇ ಸಂಜೆಯಲ್ಲಿ ಹುಡುಗಿಯ ಚಿನ್ನ ವಾಪಸ್ ಬಂದದ್ದುಂಟು.

ಆದರೆ ಈ ತಂಗಿಯ ಪತ್ರ ಓದಿ ನನಗೂ ಸಿಟ್ಟು ಬಂತು. ನಾವು ಶಾಫಿ ಮದ್‌ಹಬ್‌ನವರು (ಒಂದು ಧರ್ಮಶಾಸ್ತ್ರ ಪಂಥ). ಮೂರು ಸಲ ಹೇಳಿದರೆ ಮೂರೂ ಆಯಿತು ಎಂದೇ ನಮ್ಮ ಹಳೆಯ ಉಸ್ತಾದರು ಹೇಳುತ್ತಾರೆ. ಒಂದೂ ಆಗಿಲ್ಲ ಎಂದು ಸರ್ಕಾರದ ಕಾನೂನು ಹೇಳುತ್ತದೆ. ನಡುವೆ ಸಿಕ್ಕಿಬೀಳುವುದು ಹೆಣ್ಣು. ಸರಿ, ಅವರ ಮಾತನ್ನೇ ಹಿಡಿಯೋಣ. ತಲಾಖ್ ಆಗಿದೆ ಎಂದಾದರೆ ಈ ಖುಲಾ ಕಾಗದ ಯಾವುದಕ್ಕೆ? ಮುಗಿದ ಮದುವೆಯಿಂದ ಬಿಡುಗಡೆ ಕೇಳುವುದು ಎಂಥದ್ದು? ತಲಾಖ್ ಆಗಿದ್ದರೆ ಮಹರ್ ಕೊಡಲಿ, ಇದ್ದತ್‌ನ (ತಲಾಖ್ ನಂತರ ಹೆಂಡತಿ ಕಾಯುವ ಅವಧಿ) ಖರ್ಚು ಕೊಡಲಿ. ಆಗಿಲ್ಲವೆಂದರೆ ಎರಡೂವರೆ ವರ್ಷದ ಲೆಕ್ಕ ಕೊಡಲಿ. ಇದನ್ನು ಜಗಲಿಯಲ್ಲಿ ಎಲ್ಲರೆದುರು ಅಣ್ಣನಿಂದ ಕೇಳಿಸಿ. ಉತ್ತರ ಇರುವುದಿಲ್ಲ.

ಇನ್ನೊಂದು ಮಾತು. ನಿಖಾ ಆದ ಮಸೀದಿಯ ರಿಜಿಸ್ಟರ್‌ನಲ್ಲಿ ಮಹರ್ ಎಷ್ಟು ಪವನ್ ಚಿನ್ನ ಅಂತ ಬರೆದಿರುತ್ತದೆ. ಅದರ ನಕಲು ಈಗಲೇ ತೆಗೆದಿಟ್ಟುಕೊಳ್ಳಿ. ಜಗಳ ಜೋರಾದ ಮೇಲೆ ಪುಸ್ತಕ ಸಿಗುವುದು ಕಷ್ಟ. ಹೇಗೆ ಕಷ್ಟವಾಗುತ್ತದೆ ಅಂತ ನನಗೆ ಗೊತ್ತು, ಬರೆಯುವುದು ಬೇಡ.

— ಮಾಜಿ ಕಾರ್ಯದರ್ಶಿ, ಪುತ್ತೂರು ತಾಲ್ಲೂಕು

*

ನಾನು ಸೌದಿಯಲ್ಲಿ ಡ್ರೈವರ್. ಇಲ್ಲಿ ಕೆಲಸ ಹೋಗಿ, ಇಕಾಮಾ (ಇಲ್ಲಿ ಇರಲು ಬೇಕಾದ ಪರವಾನಗಿ) ಮುಗಿದು, ಮನೆಗೆ ಹೇಳಲು ನಾಚಿಕೆಪಟ್ಟು ಸುಮ್ಮನಾದವರು ಇದ್ದಾರೆ. ಅವರ ಪರವಾಗಿ ಒಂದು ಮಾತು ಬರೆಯೋಣ ಅಂತ ಕೂತೆ. ಆದರೆ ಅಂಥವರು ಹೆಂಡತಿಗೆ ತಲಾಖ್ ಮೆಸೇಜ್ ಕಳಿಸುವುದಿಲ್ಲ. ಅಕ್ಕ, ನಿಮ್ಮ ಗಂಡನ ಕಂಪನಿ ಹೆಸರು, ಪಾಸ್‌ಪೋರ್ಟ್ ನಂಬರ್ ಎಲ್ಲಾದರೂ ಬರೆದಿಟ್ಟಿದ್ದೀರಾ? ಹಳೆಯ ವೀಸಾ ಕಾಗದ ಮನೆಯಲ್ಲಿದ್ದರೆ ಹುಡುಕಿ. ಕೋರ್ಟ್ ನೋಟಿಸ್ ಕಳಿಸಲು ವಿಳಾಸ ಬೇಕಾಗುತ್ತದೆ.

— ಓದುಗ, ದಮ್ಮಾಮ್

*

ನಾನು ಬರೆಯುವುದು ಇನ್ನೊಂದು ಕಡೆಯಿಂದ. ನನ್ನ ನಾದಿನಿ ಹೀಗೆಯೇ ಎರಡು ಮಕ್ಕಳ ಕೈ ಹಿಡಿದು ನಮ್ಮ ಮನೆಗೆ ಬಂದಳು. ನಾನು ಮುಖ ಗಂಟು ಹಾಕಿದ್ದು ನಿಜ. ಇರುವುದು ಎರಡು ಕೋಣೆ, ಒಂದೇ ರೇಷನ್ ಕಾರ್ಡ್. ಅವಳ ಹೆಸರು ಗಂಡನ ಮನೆಯ ಕಾರ್ಡಿನಲ್ಲೇ ಉಳಿದಿತ್ತು. ಅಕ್ಕಿ ಅಲ್ಲಿಗೆ. ಗೃಹಲಕ್ಷ್ಮಿಯ 2,000 ಕಾರ್ಡಿನ ಯಜಮಾನಿಗೆ, ಅಂದರೆ ಅವಳ ಅತ್ತೆಗೆ. ಬಸ್ ಫ್ರೀ ಅಲ್ವಾ, ತಾಲ್ಲೂಕು ಆಫೀಸಿಗೆ ಹೋಗಿ ಸರಿಮಾಡಿಸಬಾರದಾ ಅಂತ ಹೇಳುವವರಿಗೆ ಬಾಯಿ ಇದೆ. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ಇದೆ. ಒಂದು ದಿನ ಹೋದರೆ ಆ ದಿನದ ಬೀಡಿಯೂ ಹೋಯಿತು. ಮೂರು ಸಲ ಹೋದಳು.

ಅದಲ್ಲ ನಾನು ಹೇಳಲು ಬಂದದ್ದು. ಅವಳು ಕಟ್ಟಿದ ಬೀಡಿ ಆರು ವರ್ಷ ನನ್ನ ಬೀಡಿ ಪಾಸ್‌ಬುಕ್‌ನಲ್ಲಿ (ಬ್ರಾಂಚಿನ ಲೆಕ್ಕದ ಪುಸ್ತಕ) ಹೋಗುತ್ತಿತ್ತು. ‘ಇಬ್ಬರದೂ ಒಂದೇ ಮನೆ, ಎರಡು ಪುಸ್ತಕ ಯಾಕೆ’ ಅಂತ ಎಲ್ಲರೂ ಹೇಳಿದರು, ನಾನೂ ಹೇಳಿದೆ. ಮಜೂರಿ ಅವಳ ಕೈಗೆ ಕೊಡುತ್ತಿದ್ದೆ, ಅದರಲ್ಲಿ ಮೋಸ ಮಾಡಿಲ್ಲ. ಆದರೆ ಪಿಎಫ್ ನನ್ನ ಹೆಸರಿಗೆ ಬೆಳೆಯಿತು. ಬೀಡಿ ಕೆಲಸದ ಗುರುತಿನ ಚೀಟಿ ನನಗೆ ಇತ್ತು, ಅವಳಿಗಿಲ್ಲ. ಹಾಗಾಗಿ ಬೀಡಿ ಕಾರ್ಮಿಕರ ಮಕ್ಕಳಿಗೆ ಬರುವ ವಿದ್ಯಾರ್ಥಿವೇತನ ನನ್ನ ಮಗನಿಗೆ ಬಂತು. ಅವಳ ಮಗಳು ಅದೇ ಶಾಲೆ, ಅದೇ ಕ್ಲಾಸು, ಅವಳಿಗೆ ಬರಲಿಲ್ಲ. ಆ ಹುಡುಗಿ ಒಂದು ದಿನ ನನ್ನನ್ನೇ ಕೇಳಿದಳು, ‘ನಮ್ಮ ಉಮ್ಮ ಬೀಡಿ ಕಟ್ಟುವುದಿಲ್ಲವಾ?’

ನನ್ನ ಪಿಎಫ್ ಬಂದಾಗ ಅವಳ ಪಾಲು ಕೊಡಲು ಕೂತೆ. ಅವಳದ್ದು ಎಷ್ಟು, ನನ್ನದು ಎಷ್ಟು ಅಂತ ಇಬ್ಬರಿಗೂ ಗೊತ್ತಿಲ್ಲ. ಆರು ವರ್ಷದ ಲೆಕ್ಕ ಎಲ್ಲೂ ಬೇರೆಯಾಗಿ ಬರೆದಿಲ್ಲ. ಕಣ್ಣಂದಾಜಿನಲ್ಲಿ ಒಂದಿಷ್ಟು ಕೊಟ್ಟೆ. ಅವಳು ಎಣಿಸದೆ ತೆಗೆದುಕೊಂಡಳು.

ಕೋರ್ಟಿನ ಕೆಲಸ ನಿಧಾನ. ಅದು ನಡೆಯುತ್ತಿರಲಿ. ಈ ವಾರ ಬ್ರಾಂಚಿಗೆ ಹೋದಾಗ ನಿಮ್ಮ ಹೆಸರಿನಲ್ಲೇ ಪುಸ್ತಕ ಕೇಳಿ, ಆಧಾರ್ ತೆಗೆದುಕೊಂಡು ಹೋಗಿ. ಪಿಎಫ್‌ಗೆ ನಾಮಿನಿ ಮಕ್ಕಳ ಹೆಸರು ಬರೆಸಿ. ನಿಮ್ಮ ಅತ್ತಿಗೆಯ ಮುಖ ಗಂಟಾಗಬಹುದು. ಎರಡು ದಿನ ಮಾತು ಬಿಡಬಹುದು. ನಾನೂ ಬಿಡುತ್ತಿದ್ದೆ.

— ಒಬ್ಬ ಅತ್ತಿಗೆ, ಸುಳ್ಯ ತಾಲ್ಲೂಕು