ಮೀಟಿಯರ್ ಕೊಟ್ಟು 650 ತೆಗೊಳ್ಳುದಾ, ಅಲ್ಲ ನನ್ನ ಕೈಗೇ ಸರ್ವಿಸ್ ಬೇಕಾ?

ಪೆರ್ಲದ ಸವಾರ

ನಮಸ್ಕಾರ ಎಲ್ರಿಗೂ. ಒಂದು ಮಂಡೆಬಿಸಿ ಉಂಟು, ಸ್ವಲ್ಪ ಉದ್ದ ಆದೀತು.

ನನ್ನದು ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350 ಬೈಕು, ಎರಡೂವರೆ ವರ್ಷ ಆಯ್ತು, ಓಡಿದ್ದು 18 ಸಾವಿರ ಕಿಲೋಮೀಟರ್. ಅದರಲ್ಲಿ ಮುಕ್ಕಾಲು ಪಾಲು ಪೆರ್ಲದಿಂದ ಬದಿಯಡ್ಕ, ಚೆರ್ಕಳ ದಾಟಿ ಕಾಸರಗೋಡಿಗೆ ಆಫೀಸಿಗೆ ಹೋಗಿ ಬಂದದ್ದೇ. ಕಳೆದ ತಿಂಗಳು ಮಡಿಕೇರಿಗೆ ಹೊರಟೆವು, ನಾನು ಮತ್ತೆ ಹೆಂಡತಿಯ ಸೋದರಮಾವ. ಮಾವನಿಗೆ 58 ವರ್ಷ, ಅಡಿಕೆ ತೋಟ, ಗಾಡಿ ಹಳೇ ಅವೆಂಜರ್ 220. ಸೀಟಿನ ಹೊಲಿಗೆ ಬಿಟ್ಟು ಸ್ಪಂಜು ಹೊರಗೆ ಬಂದಿದೆ, ಅದಕ್ಕೆ ಗೊಬ್ಬರದ ಗೋಣಿಯ ತುಂಡು ಸುತ್ತಿ ಕಟ್ಟಿದ್ದಾರೆ.

ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯ, ಅಲ್ಲಿವರೆಗೆ ನಾನೇ ಮುಂದೆ. ಸಂಪಾಜೆಯಲ್ಲಿ ಚಾ ಕುಡಿದೆವು. ಕೊಯನಾಡು ದಾಟಿ ಘಾಟಿ ಶುರುವಾದ ಮೂರನೇ ತಿರ್ಗಾಸಿಗೆ ಮಾವ ಮುಂದೆ ಹೋದ್ರು. ಸ್ವಲ್ಪ ಹೊತ್ತು ಅವರ ಹಿಂದಿನ ಲೈಟು ಕಾಣ್ತಿತ್ತು, ಜೋಡುಪಾಲಕ್ಕೆ ಮುಟ್ಟುವಾಗ ಅದೂ ಇಲ್ಲ. ನಾನು ಮಡಿಕೇರಿ ಮುಟ್ಟುವಾಗ ಅವರು ಹೆಲ್ಮೆಟ್ ತೆಗೆದು, ತಲೆ ಬಾಚಿ, ಎಲೆಯಡಿಕೆ ಹಾಕಿ ಆಗಿತ್ತು. "ಎಂತ ಅಳಿಯಂದ್ರೇ, ಪಂಚರಾ?" ಅಂತ ಕೇಳಿದ್ರು. ತಮಾಷೆಗೆ ಅಲ್ಲ, ನಿಜವಾಗಿ ಕೇಳಿದ್ದು. ಅದೇ ಬೇಜಾರು.

ಅಂದಿನಿಂದ ತಲೆಯಲ್ಲಿ ಹುಳ. ಅದೇ ಕಂಪೆನಿಯ ದೊಡ್ಡ ಗಾಡಿ, ಸೂಪರ್ ಮೀಟಿಯರ್ 650 ತೆಗೊಂಡ್ರೆ ಹೇಗೆ? ನನ್ನದಕ್ಕೆ 20 ಕುದುರೆ ಶಕ್ತಿ, ಅದಕ್ಕೆ 47. ಒಂದು ಶೋರೂಮಿನಲ್ಲಿ ಟೆಸ್ಟ್ ರೈಡ್ ಮಾಡಿದೆ, ನೇರ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್, ಬೆಣ್ಣೆ ಮಾರಾಯ್ರೆ. ನಾನು 5 ಅಡಿ 4 ಇಂಚು, ಅದರ ಸೀಟು 740 ಮಿಲಿಮೀಟರ್, ಎರಡೂ ಕಾಲು ಚಂದ ಊರ್ತದೆ. ಹೆಂಡತಿ ಕೇಳಿದ್ದು ಒಂದೇ ಮಾತು, "ಮಾವನ ಗಾಡಿ ಎಷ್ಟು ಸೀಸಿ?" ನಾನು ಉತ್ತರ ಕೊಡ್ಲಿಲ್ಲ.

ಓಡಿಸಿದವರು ಹೇಳಿ. 650 ತೆಗೊಂಡ್ರೆ ಘಾಟಿ ಸುಲಭ ಆಗ್ತದಾ, ಅಲ್ಲ ಗಾಡಿ ಯಾವುದಾದ್ರೂ ನಾನು ಇಷ್ಟೇಯಾ?

ಉಪ್ಪಳ ಟ್ವಿನ್

650 ಉಂಟು ನನ್ನ ಹತ್ರ, ಹಾಗಾಗಿ ಹೇಳ್ತೇನೆ. ಬೆಂಗಳೂರಿಗೆ ಹೋಗುವಾಗ ಸ್ವರ್ಗ. ಹಿಂದೆ ಹೆಂಡತಿ ಕೂತ್ರೂ ಬ್ಯಾಗು ಕಟ್ಟಿದ್ರೂ ಗಾಡಿಗೆ ಲೆಕ್ಕವೇ ಇಲ್ಲ. ಆದ್ರೆ ಅದು 241 ಕೆಜಿ, ನಿಮ್ಮದು 191. ಐವತ್ತು ಕೆಜಿ ಹೆಚ್ಚು ಅಂದ್ರೆ ಒಂದು ಮೂಟೆ ಸಿಮೆಂಟು. ಓಡುವಾಗ ಆ ಮೂಟೆ ಎಲ್ಲಿಗೋ ಹೋಗ್ತದೆ, ನಿಲ್ಸಿದ ಕೂಡ್ಲೇ ವಾಪಸ್ ಬರ್ತದೆ. ನಮ್ಮ ಅಂಗಳ ರಸ್ತೆಗಿಂತ ಕೆಳಗೆ. ಜೂನ್‌ನಲ್ಲಿ ಹಾವಸೆ ಹಿಡಿದ ಮೇಲೆ ಅದನ್ನು ಹಿಂದಕ್ಕೆ ತಳ್ಳಿ ತಿರುಗಿಸಲಿಕ್ಕೆ ನನಗೆ ಒಬ್ಬನಿಗೆ ಆಗುದಿಲ್ಲ, ಪಕ್ಕದ ಮನೆಯವರನ್ನು ಕರೀಬೇಕು. ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ಇರುವ ಅಂತರ, 135 ಮಿಲಿಮೀಟರ್, ನಿಮ್ಮದು 170. ನಿಮ್ಮ ಮನೆಗೆ ಹೋಗುವ ದಾರಿ ಹೇಗುಂಟು ಅದನ್ನು ಮೊದ್ಲು ಹೇಳಿ.

ಕುಂಬ್ಳೆ ಮಾಷ್ಟ್ರು

ಫಿಸಿಕ್ಸ್ ಕಲಿಸುವವನು, ಬೇಜಾರು ಮಾಡ್ಬೇಡಿ. ತಿರುವಿನಲ್ಲಿ ಗಾಡಿ ಎಷ್ಟು ವಾಲಬೇಕು ಅನ್ನುವ ಲೆಕ್ಕದಲ್ಲಿ ಇರುವುದು ವೇಗ, ತಿರುವಿನ ತ್ರಿಜ್ಯ, ಗುರುತ್ವ. ಸೀಸಿ ಇಲ್ಲ, ತೂಕವೂ ಇಲ್ಲ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ 30ರ ಸ್ಪೀಡಿಗೆ ಸುಮಾರು 20 ಡಿಗ್ರಿ ವಾಲಿದ್ರೆ ಸಾಕು. 40ರಲ್ಲಿ ಹೋದ್ರೆ 32 ಡಿಗ್ರಿ ಬೇಕು. ಮೀಟಿಯರ್, ಅವೆಂಜರಿನಂಥ ತಗ್ಗು ಸೀಟಿನ ಕ್ರೂಸರುಗಳಲ್ಲಿ ಫುಟ್‌ಪೆಗ್ (ಕಾಲಿಡುವ ಕಡ್ಡಿ) ಕೆಳಗೆ ಇರ್ತದೆ, ಅಷ್ಟು ವಾಲುವಾಗ ಡಾಮರು ಕೆರೆಯಲಿಕ್ಕೆ ಶುರುವಾದೀತು. ಅಲ್ಲಿ 47 ಕುದುರೆ ಎಂತ ಮಾಡ್ತದೆ? ತಿರುವು ಮುಗಿದ ಮೇಲೆ ಓಡ್ತದೆ, ಮುಂದಿನ ತಿರುವಿಗೆ ನಿಮ್ಮನ್ನು ಇನ್ನೂ ಬೇಗ ತಂದು ಬಿಡ್ತದೆ.

ಮತ್ತೆ ನಿಮ್ಮ ಮಾವನ ಅವೆಂಜರಿಗೆ 19 ಕುದುರೆ. ನಿಮ್ಮದಕ್ಕಿಂತ ಒಂದು ಕಡಿಮೆ.

ಕೆಂಪುಕಲ್ಲು

ಮಾಷ್ಟ್ರು ಲೆಕ್ಕ ಹೇಳಿದ್ರು, ನಾನು ಬಿದ್ದದ್ದು ಹೇಳ್ತೇನೆ.

ನಾನು ಗಾಡಿ ಕಲ್ತದ್ದು ಅಪ್ಪನ ಹಳೇ ಬುಲೆಟ್ಟಿನಲ್ಲಿ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹದಿನೈದು ವರ್ಷ ಅದನ್ನೇ ಓಡಿಸಿ ಮತ್ತೆ ಎಡಗಡೆ ಗೇರಿನ ಥಂಡರ್‌ಬರ್ಡ್ ತೆಗೊಂಡೆ. ಆರು ತಿಂಗಳಲ್ಲಿ ಕಾಲು ಹೊಂದಿಕೊಂಡಿತು ಅಂತ ನಾನು ಎಣಿಸಿದ್ದು. ಆದೂರಿನ ಹತ್ರ ಒಂದು ಇಳಿಜಾರು, ರಬ್ಬರು ತೋಟದ ನೆರಳು, ಮಳೆ ಬಿಟ್ಟು ಅರ್ಧ ಗಂಟೆ ಆಗಿತ್ತು. ತಿರುವಿಗೆ ಸ್ಪೀಡಲ್ಲಿ ನುಗ್ಗಿದೆ ಅಂತ ಒಳಗೆ ಹೋದ ಮೇಲೆ ಗೊತ್ತಾಯ್ತು. ಹೆದರಿಕೆ ಆದ ಕೂಡ್ಲೇ ಎಡಗಾಲು ತನ್ನಷ್ಟಕ್ಕೆ ಒತ್ತಿತು, ಬ್ರೇಕು ಅಂತ. ಅದು ಗೇರು. ಮೂರರಿಂದ ಎರಡಕ್ಕೆ ಬಿತ್ತು, ಹಿಂದಿನ ಚಕ್ರ ಜಾರಿತು. ಕಣ್ಣು ಇದ್ದದ್ದು ಎಡಗಡೆಯ ಮೋರಿಯ ಮೇಲೆ, ಗಾಡಿ ಸೀದಾ ಮೋರಿಗೇ ಹೋಯ್ತು. ಮಣಿಕಟ್ಟಿನಲ್ಲಿ ಪ್ಲೇಟು ಈಗ್ಲೂ ಉಂಟು, ಮಳೆಗಾಲದಲ್ಲಿ ನೋಯ್ತದೆ. ಸ್ಕಿಲ್ ಅಂತ ನಾನು ಹೇಳುದು ಅದನ್ನೇ, ಹೆದರಿಕೆ ಆದಾಗ ಕೈಕಾಲು ತನ್ನಷ್ಟಕ್ಕೆ ಎಂತ ಮಾಡ್ತದೆ ಅನ್ನುದು. ಸಮಾಧಾನದಲ್ಲಿ ಇರುವಾಗ ಎಲ್ರೂ ಚಂದ ಓಡಿಸ್ತಾರೆ.

ಈಗ ನಿಮ್ಮ ವಿಷಯ. ಮೊದ್ಲು ಹಿಂದಿನ ಟಯರಿಗೆ ಅಡ್ಡಕ್ಕೆ ಅಂಗೈ ಇಟ್ಟು ಸವರಿ. 18 ಸಾವಿರ, ಅದೂ ಹೆಚ್ಚಿನದ್ದು ಆಫೀಸಿಗೆ ನೆಟ್ಟಗೆ ಓಡಿದ್ದು ಅಂತೀರಿ. ನಡು ಚಪ್ಪಟೆ ಆಗಿ ಎರಡು ಬದಿಯಲ್ಲಿ ಅಂಚು ಸಿಗ್ತದಾ ನೋಡಿ. ಸಿಕ್ಕಿದ್ರೆ ಗಾಡಿ ವಾಲಲಿಕ್ಕೆ ಮೊದ್ಲು ಹಟ ಮಾಡ್ತದೆ, ಅಂಚು ದಾಟಿದ ಕೂಡ್ಲೇ ದಡಕ್ಕಂತ ಬೀಳ್ತದೆ. ಅಂಥ ಗಾಡಿಯಲ್ಲಿ ಧೈರ್ಯ ಬರುದಿಲ್ಲ, ಅದು ನಿಮ್ಮ ತಪ್ಪಲ್ಲ.

ಎರಡನೇದು ತಿರುವಿನ ಒಳಗೆ ಬ್ರೇಕು ಹಿಡಿಯುವ ಅಭ್ಯಾಸ. ಕ್ರೂಸರಿನಲ್ಲಿ ಕಾಲು ಮುಂದೆ, ತೂಕ ಎಲ್ಲ ಕುಂಡೆಯ ಮೇಲೆ. ಬೇರೆ ಗಾಡಿಯ ಹಾಗೆ ಪೆಗ್ಗಿನ ಮೇಲೆ ಒತ್ತು ಕೊಟ್ಟು ಮೈ ಸರಿಸಲಿಕ್ಕೆ ಆಗುದಿಲ್ಲ. ಕೆಲಸ ಎಲ್ಲ ಕೈಯದ್ದು. ಎಡಕ್ಕೆ ಹೋಗ್ಬೇಕಾ, ಎಡಗೈಯ ಹಿಡಿಯನ್ನು ಮುಂದಕ್ಕೆ ನೂಕಿ. ಕೇಳುವಾಗ ಉಲ್ಟಾ ಕಾಣ್ತದೆ, 40ರಲ್ಲಿ ಖಾಲಿ ರಸ್ತೆಯಲ್ಲಿ ಸಣ್ಣಕ್ಕೆ ನೂಕಿ ನೋಡಿ. ಬ್ರೇಕು ತಿರುವಿನ ಮೊದ್ಲೇ ಮುಗಿಸ್ಬೇಕು, ಎರಡೂ ಬ್ರೇಕು. "ಮುಂದಿಂದು ಹಿಡಿದ್ರೆ ಮಗುಚ್ತದೆ" ಅಂತ ನಮ್ಮ ಊರಲ್ಲಿ ಎಲ್ರೂ ಹೇಳ್ತಾರೆ. ಗಾಡಿ ಉದ್ದ ಇರುವ ಕಾರಣ ಕ್ರೂಸರಿನ ಹಿಂದಿನ ಬ್ರೇಕು ಬೇರೆ ಗಾಡಿಗಿಂತ ಹೆಚ್ಚು ಉಪಯೋಗಕ್ಕೆ ಬರ್ತದೆ, ನಿಜ. ಆದ್ರೆ ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿಂದರದ್ದೇ.

ಮತ್ತೆ, ನೀವು ಲೈಸೆನ್ಸ್ ತೆಗೆದದ್ದು ಯಾವ ಗಾಡಿಯಲ್ಲಿ? ನನ್ನ ಅಂದಾಜು ಎಂ80, ಬಜಾಜಿನ ಆ ಹಳೇ ಸಣ್ಣ ಗಾಡಿ. ನಮ್ಮ ಕೇರಳದಲ್ಲಿ 2024ರಲ್ಲಿ ನಿಲ್ಲಿಸುವವರೆಗೆ ಎಲ್ರೂ ಟೆಸ್ಟಿನಲ್ಲಿ ಅದ್ರಲ್ಲೇ ಎಂಟು ಹಾಕಿದ್ದು, ಅಂದ್ರೆ 8ರ ಆಕಾರದಲ್ಲಿ ಓಡಿಸಿ ತೋರಿಸಿದ್ದು. ಕೈಯಲ್ಲಿ ಗೇರು, ಮಕ್ಕಳ ಸೈಕಲಿನ ಹಾಗೆ ತಿರುಗ್ತದೆ. ಅದೇ ಲೈಸೆನ್ಸಿನಲ್ಲಿ 241 ಕೆಜಿ ಓಡಿಸಬಹುದು ನೀವು! ಅದೇ ಎಂಟನ್ನು ಮೀಟಿಯರಿನಲ್ಲಿ ಹಾಕಿ ನೋಡಿ. ಶಾಲೆಯ ಮೈದಾನ, ಭಾನುವಾರ ಬೆಳಿಗ್ಗೆ, ತೆಂಗಿನ ಗೆರಟೆ ಆರು. ಗೆರಟೆಗೆ ಗೆರಟೆಗೆ ಹತ್ತು ಹೆಜ್ಜೆ ಇಟ್ಟು ಶುರು ಮಾಡಿ, ಮತ್ತೆ ಎಂಟು ಹೆಜ್ಜೆ. ಮೊದಲ ಗೇರು, ಅರ್ಧ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಕಾಲು ಸಣ್ಣಕ್ಕೆ. ಮುಂದಿನ ಬ್ರೇಕು ಮುಟ್ಟುವ ಹಾಗಿಲ್ಲ, ಹ್ಯಾಂಡಲ್ ತಿರುಗಿರುವಾಗ ಮುಟ್ಟಿದ್ರೆ ಮಲಗ್ತೀರಿ. ಕಣ್ಣು ಮುಂದಿನ ಗೆರಟೆಯ ಮೇಲೆ ಅಲ್ಲ, ಅದರ ಆಚೆಯದ್ದರ ಮೇಲೆ.

ಬೋವಿಕಾನದವ

ಎಲ್ಲ ಸರಿ ಅಣ್ಣ, ಆದ್ರೆ ಸ್ಕಿಲ್ ಸ್ಕಿಲ್ ಅಂತ ಎಲ್ಲ ಸವಾರನ ತಲೆಗೇ ಕಟ್ಟುದು ಬೇಡ. 2019ರ ಏಪ್ರಿಲ್‌ನಿಂದ 125 ಸೀಸಿಗಿಂತ ಮೇಲಿನ ಹೊಸ ಗಾಡಿಗೆಲ್ಲ ಎಬಿಎಸ್ ಕಡ್ಡಾಯ, ಬ್ರೇಕು ಜೋರು ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆ. ಮಾವನ ಹಳೇ ಅವೆಂಜರಿನಲ್ಲಿ ಅದು ಇರಲಿಕ್ಕಿಲ್ಲ. ಮೀಟಿಯರಿನಲ್ಲಿ ಎರಡೂ ಚಕ್ರಕ್ಕೆ ಉಂಟು. ಒದ್ದೆ ರಸ್ತೆಗೆ ದನ ಅಡ್ಡ ಬಂತು ಅಂತ ಇಟ್ಟುಕೊಳ್ಳಿ, ಆಗ ನನಗೆ ಮಾವನ ಅನುಭವ ಬೇಡ, ಎಬಿಎಸ್ ಸಾಕು.

ಕೆಂಪುಕಲ್ಲು

ಒಪ್ಪಿದೆ. ನನಗೂ ಆ ದಿನ ಎಬಿಎಸ್ ಇದ್ದಿದ್ರೆ ಅಂತ ಬರೀಲಿಕ್ಕೆ ಹೊರಟಿದ್ದೆ, ಆದ್ರೆ ನಾನು ಒತ್ತಿದ್ದು ಗೇರು. ಅದಕ್ಕೆ ಎಬಿಎಸ್ ಎಂತ ಮಾಡೀತು.

ಪೆರ್ಲದ ಸವಾರ

ಎರಡು ವಾರ ಆಯ್ತು, ವರದಿ ಕೊಡ್ತೇನೆ. ಲೈಸೆನ್ಸು ಎಂ80ಯಲ್ಲೇ, ಸರಿಯಾಗಿ ಹೇಳಿದ್ರಿ. ಮನೆಯ ದಾರಿ ಕಡೇ 300 ಮೀಟರ್ ಮಣ್ಣು, ನಡುವಲ್ಲಿ ಒಂದು ತೋಡು, ಮೇಲೆ ಕಲ್ಲು ಹಾಸಿದ್ದು. ಉಪ್ಪಳದವರೇ, 135 ಅಲ್ಲಿ ತಾಗ್ತದೆ.

ಟಯರು ಸವರಿದೆ. ಅಂಚು ಕೈಗೆ ಸಿಕ್ಕಿತು, ಹಲಗೆಯ ಮೂಲೆಯ ಹಾಗೆ. ಹೊಸತು ಹಾಕಿಸಿದೆ. ಅಂಗಡಿಯಿಂದ ಹೊರಗೆ ಬಂದು ಮೊದಲ ತಿರ್ಗಾಸಿನಲ್ಲಿ ಗಾಡಿ ಎಷ್ಟು ಹಗುರಕ್ಕೆ ವಾಲಿತು ಅಂದ್ರೆ ನನಗೇ ಹೆದರಿಕೆ ಆಯ್ತು.

ಮೈದಾನಕ್ಕೆ ಎರಡು ಭಾನುವಾರ ಹೋದೆ. ಹತ್ತು ಹೆಜ್ಜೆಯಲ್ಲಿ ಮೂರು ಸಲ ಎಂಜಿನ್ ನಿಂತಿತು, ಎರಡು ಗೆರಟೆ ಟಪ್ ಅಂತ ಒಡೆದು ಹೋಯ್ತು. ಕ್ರಿಕೆಟ್ ಆಡ್ಲಿಕ್ಕೆ ಬಂದ ಮಕ್ಕಳು ಆಟ ಬಿಟ್ಟು ಸಾಲಾಗಿ ಕೂತು ನೋಡಿದ್ರು. ಎರಡನೇ ವಾರ ಹತ್ತರಲ್ಲಿ ನೆಲಕ್ಕೆ ಕಾಲು ಇಡದೆ ಎಂಟು ಮುಗಿಯಿತು. ಎಂಟು ಹೆಜ್ಜೆಗೆ ಇಳಿಸಿದಾಗ, ಬೇಡ ಅಂತ ಹೇಳಿದ್ದನ್ನೇ ಮಾಡಿದೆ, ಮುಂದಿನ ಬ್ರೇಕು ಮುಟ್ಟಿದೆ. ಎಡಕ್ಕೆ ಮಲಗಿಸಿದೆ. 191 ಕೆಜಿ ಎತ್ತಲಿಕ್ಕೆ ಆ ಮಕ್ಕಳೇ ಬಂದ್ರು. ಅದು 241 ಆಗಿದ್ರೆ ಅಂತ ಆಗ ಎಣಿಸಿದೆ.

ಮಾವನ ಹತ್ರ ನೇರ ಕೇಳಿದೆ, ಘಾಟಿಯಲ್ಲಿ ತಿರ್ಗಾಸು ಬರುವಾಗ ನೀವು ಎಂತ ನೋಡುದು ಅಂತ. "ಬಸ್ಸು ಬರ್ತದಾಂತ ನೋಡುದು, ಮತ್ತೆ ಎಂತ ನೋಡ್ಲಿಕ್ಕುಂಟು ಅಲ್ಲಿ?" ಹೇಳಿದ್ರು. ಯೋಚಿಸಿದ್ರೆ ಕೆಂಪುಕಲ್ಲು ಅಣ್ಣ ಹೇಳಿದ ಆಚೆಯ ಗೆರಟೆ ಅದುವೇ. ನಾನು ಇಷ್ಟು ದಿನ ನೋಡ್ತಿದ್ದದ್ದು ಮುಂದಿನ ಚಕ್ರದ ಎದುರಿನ ಹೊಂಡವನ್ನು.

650 ಸದ್ಯಕ್ಕೆ ಇಲ್ಲ. ಬೇಡ ಅಂತ ಅಲ್ಲ, ಎಂಟು ಹೆಜ್ಜೆ ಆಗ್ಲಿ, ಮನೆಯ ದಾರಿಗೆ ಕಾಂಕ್ರೀಟು ಬೀಳ್ಲಿ, ಮತ್ತೆ ನೋಡುವ.

ಈಗ ಹೊಸ ತಲೆಬಿಸಿ: ಬಿದ್ದಾಗ ಕ್ಲಚ್ ಲಿವರಿನ ತುದಿಯ ಗುಂಡು ಮುರಿದು ಹೋಗಿದೆ. ಲಿವರೇ ಬದಲಿಸ್ಬೇಕಾ?

ಕೆಂಪುಕಲ್ಲು

ಬುಡದಲ್ಲಿ ಬಿರುಕು ಉಂಟಾ ನೋಡಿ, ಇದ್ರೆ ಬದಲಿಸಿ. ಇಲ್ಲದಿದ್ರೆ ಮುರಿದ ಜಾಗಕ್ಕೆ ಅರ ಹಾಕಿ ನಯ ಮಾಡಿ ಸದ್ಯ ಅದನ್ನೇ ಇಟ್ಟುಕೊಳ್ಳಿ. ಹೊಸತು ಹಾಕಿಸುದು ಎಂಟು ಹೆಜ್ಜೆ ಆದ ಮೇಲೆ ಸಾಕು, ಇನ್ನೊಂದು ಸಲ ಬೀಳ್ತೀರಿ.