ಸಹಾಯ ಬೇಕು: ರಾಜಮನೆತನದ ಚಿತ್ರಗಳಲ್ಲಿ ಕಾಣುವ ಕುಲೀನ ಕುಟುಂಬಗಳ ಬಗ್ಗೆ

ಮಾನ್ಯರೇ,

ಸ್ಪೇನಿನ ಆಸ್ಥಾನ ಚಿತ್ರಕಾರ ಡಿಯಾಗೊ ವೆಲಾಸ್ಕೆಸ್ 1656ರಲ್ಲಿ ರಚಿಸಿದ, ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ‘ಲಾಸ್ ಮೆನಿನಾಸ್’ ಚಿತ್ರದಲ್ಲಿ ನನ್ನ ಗಮನ ಸೆಳೆದಿರುವುದು ರಾಜಕುಮಾರಿ ಮಾರ್ಗರೀಟಾಳಿಗಿಂತ ಹೆಚ್ಚಾಗಿ ಅವಳ ಇಕ್ಕೆಲದಲ್ಲಿರುವ ಸಖಿಯರು. ಮಂಡಿಯೂರಿ, ತಟ್ಟೆಯಲ್ಲಿ ಕೆಂಪು ಮಣ್ಣಿನ ಪುಟ್ಟ ಕುಡಿಕೆಯನ್ನು ನೀಡುತ್ತಿರುವ ಮರಿಯಾ ಅಗುಸ್ಟೀನಾ ಸರ್ಮಿಯೆಂಟೊ ಮತ್ತು ತುಸು ಬಾಗಿ ನಿಂತಿರುವ ಇಸಬೆಲ್ ದೆ ವೆಲಾಸ್ಕೊ ಇಬ್ಬರೂ ಕುಲೀನ ಮನೆತನದ ಹೆಣ್ಣುಮಕ್ಕಳು. ರಾಜಕುಮಾರಿಗೆ ನೀರು ಕೊಡುವುದೂ ಅಂಥವರಿಗೆ ಗೌರವದ ಕೆಲಸವೇ ಆಗಿತ್ತು.

ಅರಮನೆಯ ಇಂಥ ಸೇವೆಯು ಆ ಮನೆತನಗಳಿಗೆ ಮದುವೆ ಸಂಬಂಧ, ಬಿರುದು ಮತ್ತು ಹುದ್ದೆಗಳನ್ನು ಹೇಗೆ ತಂದುಕೊಡುತ್ತಿತ್ತು ಎಂಬುದನ್ನು ದಾಖಲೆಗಳ ಆಧಾರದಲ್ಲಿ ವಿವರಿಸುವ ಬರಹಗಳು ತಮಗೆ ತಿಳಿದಿದ್ದರೆ ದಯವಿಟ್ಟು ಸೂಚಿಸಿ. ಹದಿನೇಳನೆಯ ಶತಮಾನದ ಸ್ಪ್ಯಾನಿಷ್ ಓದಬಲ್ಲವರು ಯಾರಾದರೂ ನೆರವಾದರೆ ದೊಡ್ಡ ಉಪಕಾರವಾಗುತ್ತದೆ.