ಓದುಗರ ಸ್ಪಂದನ: ನಿಯಮ ತಪ್ಪಿಲ್ಲ, ಆದರೂ ಒಳಗೆ ಬರಿದು

ಕಳೆದ ಸಂಚಿಕೆಯಲ್ಲಿ ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ ಪ್ರಕಟಿಸಿದ್ದೆವು. ಅವರಿಗೆ 44 ವರ್ಷ. ಕಥೋಲಿಕ ಮನೆತನ. ಚರ್ಚಿನಲ್ಲಿ ಭಾನುವಾರದ ಆರಾಧನೆಯಾದ ಬಲಿಪೂಜೆ ತಪ್ಪಿಸಿದವರಲ್ಲ. ರಾತ್ರಿ ಮಣಿ ಎಣಿಸುತ್ತ ಜಪಸರ ಹೇಳದೆ ಮಲಗುವವರಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೂ ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದ 40 ದಿನವೂ ಒಂದೇ ಹೊತ್ತು ಊಟ. ಎರಡು ವರ್ಷದ ಹಿಂದೆ ತಂದೆ ತೀರಿಕೊಂಡರು. ಆಮೇಲೆ ಇದನ್ನೆಲ್ಲ ಮಾಡುತ್ತಿದ್ದರೂ ಒಳಗೆ ಏನೂ ಅನ್ನಿಸುತ್ತಿಲ್ಲ. ಈ ನಡುವೆ ಪತಿ ಊರಿನಲ್ಲಿ ಕಥೋಲಿಕರದಲ್ಲದ ಪ್ರಾರ್ಥನಾ ಸಭೆಯೊಂದಕ್ಕೆ ಹೋಗಲು ಶುರು ಮಾಡಿದ್ದಾರೆ. "ನಿನ್ನದು ಬರೀ ನಿಯಮ. ನಂಬಿಕೆಯೊಂದೇ ಸಾಕು" ಅನ್ನುತ್ತಾರೆ. ಜೊತೆಗೆ, ಕರಿಮಣಿ ಮತ್ತು ಓಲೆ ತೆಗೆದಿಡು ಎಂದೂ ಹೇಳುತ್ತಾರೆ. ಮಗಳಿಗೆ 14 ವರ್ಷ. ವಿಶ್ವಾಸವನ್ನು ಗಟ್ಟಿಮಾಡುವ ದೃಢೀಕರಣ ಸಂಸ್ಕಾರಕ್ಕೆ ತಯಾರಾಗಬೇಕು.

ಅವರು ಕೇಳಿದ್ದು ಇಷ್ಟೇ: "ನಿಯಮ ಬಿಟ್ಟರೆ ಭಯ. ಇಟ್ಟುಕೊಂಡರೆ ಬರಿದು. ನನ್ನಲ್ಲಿರುವುದು ವಿಶ್ವಾಸವೋ, ಅಭ್ಯಾಸವೋ?"

ಪತ್ರಗಳು ಬಹಳ ಬಂದಿವೆ. ಮೊದಲು ಒಂದು ಚಿಕ್ಕ ಪತ್ರ. ಮಾತು ಕಟುವಾಗಿದೆ. ಹೀಗೆ ಬರೆದವರು ಇವರೊಬ್ಬರೇ ಅಲ್ಲ, ಆದ್ದರಿಂದ ಇದಕ್ಕೂ ಜಾಗ ಕೊಟ್ಟಿದ್ದೇವೆ.

ನಿವೃತ್ತ ಉಪದೇಶಿ, ಕೊಳ್ಳೇಗಾಲ

ಬಲಿಪೂಜೆ ಮನಸ್ಸು ಬಂದಾಗ ಹೋಗುವ ಜಾತ್ರೆಯಲ್ಲ. ಏನಾದರೂ ಅನ್ನಿಸಲಿ ಎಂದು ಹೋಗುವುದೂ ಅಲ್ಲ. ಹೋಗಿ. ಗಂಡನನ್ನೂ ಕರೆದುಕೊಂಡು ಹೋಗಿ. ಮನೆಯ ವಿಷಯ ಪತ್ರಿಕೆಗೆ ಬರೆಯುವ ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಮಾತಾಡಬೇಕಿತ್ತು.

ನರ್ಸ್, ಶಿವಮೊಗ್ಗ

ನಾನು ಉತ್ತರ ಕೊಡುತ್ತಿರುವುದು ನೀವು ಕೇಳದ ಪ್ರಶ್ನೆಗೆ. ನೀವು ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು 40 ದಿನ ಒಂದೇ ಹೊತ್ತು ಉಣ್ಣುತ್ತೀರಿ. ದಯವಿಟ್ಟು ಈ ಉಪವಾಸವನ್ನು ಇವತ್ತೇ ನಿಲ್ಲಿಸಿ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ನಮ್ಮ ವಾರ್ಡಿಗೆ ಹಾಗೆ ಎಚ್ಚರ ತಪ್ಪಿ ಬಂದವರನ್ನು ನೋಡಿದ್ದೇನೆ.

ನಮ್ಮ ಕಥೋಲಿಕ ಸಭೆ ಇದನ್ನು ನಿಮ್ಮಿಂದ ಕೇಳಿಯೇ ಇಲ್ಲ. ಉಪವಾಸ ಕಡ್ಡಾಯ ಇರುವುದು ಎರಡು ದಿನ ಮಾತ್ರ: ಬೂದಿ ಬುಧವಾರ, ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಕಾಯಿಲೆ ಇದ್ದವರಿಗೆ ಅದೂ ಇಲ್ಲ. ಉಳಿದ ದಿನಗಳ ಉಪವಾಸ ನೀವು ಪ್ರೀತಿಯಿಂದ ಹಾಕಿಕೊಂಡ ಭಾರ. ಪ್ರೀತಿಯಿಂದಲೇ ಇಳಿಸಿ.

*ಈ ನರ್ಸ್ ಬರೆದದ್ದನ್ನು ಗುರುಗಳೊಬ್ಬರಿಗೆ ತೋರಿಸಿ ಖಚಿತ ಮಾಡಿಕೊಂಡೆವು. ನಿಯಮ ಎಂದು ನಾವು ಹೊರುವುದರಲ್ಲಿ ನಿಜವಾದ ನಿಯಮ ಎಷ್ಟು ಎಂದು ಮುಂದಿನ ಪತ್ರವೂ ಕೇಳುತ್ತದೆ. ಉದ್ದವಾಗಿದೆ. ಕತ್ತರಿಸಲು ಕೈ ಬರಲಿಲ್ಲ.*

67 ವರ್ಷದ ಓದುಗರು, ಮಂಗಳೂರು

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗ ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ನಮ್ಮ ಮನೆಮಾತು ಕೊಂಕಣಿ. ಸಂಜೆ ತೇರ್ಸ್, ಅಂದರೆ ಜಪಸರ, ಆಗದೆ ನಮ್ಮ ಮನೆಯಲ್ಲಿ ಅನ್ನ ಬಡಿಸುತ್ತಿರಲಿಲ್ಲ. ಅಮ್ಮನ ಎದುರು ಮೊಣಕಾಲೂರಿ ನಾನು ಮತ್ತು ತಂಗಿ. ಅವಳಿಗೆ ನಡುವೆ ನಿದ್ದೆ ಬರುತ್ತಿತ್ತು. ನಾನು ಮೊಣಕೈಯಿಂದ ತಿವಿದು ಎಬ್ಬಿಸುತ್ತಿದ್ದೆ. ಚಿಕ್ಕವಳಿದ್ದಾಗಿನಿಂದ ನನ್ನ ಕೆಲಸ ಅದೇ ಆಗಿತ್ತು, ತಂಗಿ ನಿಯಮ ತಪ್ಪದ ಹಾಗೆ ನೋಡಿಕೊಳ್ಳುವುದು.

1989ರಲ್ಲಿ ಅವಳು ತನ್ನ ಆಫೀಸಿನ ಹುಡುಗನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಹಿಂದೂ ಹುಡುಗ, ಉಡುಪಿ ಕಡೆಯವನು. ಅಪ್ಪ ಆಗಲೇ ಇರಲಿಲ್ಲ. ಅಮ್ಮ ಅತ್ತರು, ಸ್ವಲ್ಪ ದಿನಕ್ಕೆ ಸುಮ್ಮನಾದರು. ಸುಮ್ಮನಾಗದವಳು ನಾನು. ಅವಳು ಸಂಸ್ಕಾರಗಳಿಂದ, ಅಂದರೆ ಸಭೆಯ ಪವಿತ್ರ ವಿಧಿಗಳಿಂದ, ಹೊರಗೆ ಹೋದಳು, ನಾನು ಅವಳ ಮನೆಗೆ ಕಾಲಿಟ್ಟರೆ ಅದನ್ನು ಒಪ್ಪಿದ ಹಾಗಾಗುತ್ತದೆ ಎಂದು ನನ್ನ ಲೆಕ್ಕ. 11 ವರ್ಷ ಅವಳ ಜೊತೆ ಮಾತಾಡಲಿಲ್ಲ. ಪ್ರತಿ ವರ್ಷ ಡಿಸೆಂಬರ್ 24ರ ಸಂಜೆ ಅವಳು ಫೋನ್ ಮಾಡುತ್ತಿದ್ದಳು. ಅಮ್ಮ ಮಾತಾಡಿ ರಿಸೀವರ್ ನನ್ನ ಕಡೆ ಚಾಚುತ್ತಿದ್ದರು. ನಾನು ಅಡುಗೆಮನೆಗೆ ಹೋಗುತ್ತಿದ್ದೆ.

ಆ 11 ವರ್ಷದಲ್ಲಿ ನಾನು ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ತಿಂಗಳಿಗೊಮ್ಮೆ ಗುರುಗಳ ಎದುರು ಪಾಪನಿವೇದನೆ ಮಾಡುತ್ತಿದ್ದೆ. ತಂಗಿಯ ಜೊತೆ ಮಾತಾಡದ್ದು ಪಾಪ ಎಂದು ಒಂದು ಸಲವೂ ಹೇಳಲಿಲ್ಲ. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಮಾಂಸ ಬಿಡಬೇಕಾದ ಶುಕ್ರವಾರ ಮರೆತು ಕೋಳಿ ಸಾರಿನಲ್ಲಿ ಅನ್ನ ಕಲಸಿದ್ದನ್ನು ಮಾತ್ರ ಹೇಳಿದ್ದು ನೆನಪಿದೆ.

2000ದ ಆಗಸ್ಟಿನಲ್ಲಿ ಅವಳು ಹೋದಳು. ಮೆದುಳಿನಲ್ಲಿ ರಕ್ತಸ್ರಾವ. ಎರಡೇ ದಿನ. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಅವರ ಮನೆಯ ಅಂಗಳದಲ್ಲಿ ನಿಂತಿದ್ದೆ, ಒಳಗೆ ಹೋಗಲು ಆಗಲಿಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ.

ಆ ವರ್ಷ ಡಿಸೆಂಬರ್ 22ಕ್ಕೆ ಬಸ್ಸಿನಲ್ಲಿ ಒಂದು ಸ್ಟೀಲ್ ಡಬ್ಬ ಬಂತು. ಅವಳ ಅತ್ತೆ ಕಳಿಸಿದ್ದು. ಒಳಗೆ ಕುಸ್ವಾರ್, ನಮ್ಮ ಕ್ರಿಸ್ಮಸ್ ತಿಂಡಿ. ನೆವ್ರಿ, ಕುಲ್‌ಕುಲ್, ಒಂದಿಷ್ಟು ಚಕ್ಕುಲಿ. ಒಂದು ಚೀಟಿ: "ಪ್ರತಿ ವರ್ಷ ಅವಳೇ ಮಾಡುತ್ತಿದ್ದಳು, ನಾನು ಕೂತು ಮಡಚಿ ಕೊಡುತ್ತಿದ್ದೆ. ಈ ಸಲ ಒಬ್ಬಳೇ ಮಾಡಿದ್ದೇನೆ. ಅಂಚು ಸರಿ ಬಂದಿಲ್ಲ." ನೆವ್ರಿಯ ಹೂರಣದಲ್ಲಿ ಎಳ್ಳು ಹುರಿದು ಹಾಕಿದ್ದರು. ನಮ್ಮ ಅಮ್ಮ ಹಾಗೇ ಹಾಕುತ್ತಿದ್ದರು. ಒಬ್ಬ ಹಿಂದೂ ಹೆಂಗಸು ನನ್ನ ಅಮ್ಮನ ರುಚಿಯನ್ನು 11 ವರ್ಷ ಕಾಪಾಡಿಕೊಂಡು ಬಂದಿದ್ದರು. ನಾನು ಒಂದು ಫೋನ್ ಎತ್ತಿರಲಿಲ್ಲ.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು. ದೀಕ್ಷಾಸ್ನಾನ ಪಡೆಯದವರನ್ನು ಮದುವೆಯಾಗಲು ಬಿಷಪ್ಪರಿಂದ ವಿನಾಯಿತಿ ಪಡೆಯುವ ದಾರಿ ನಮ್ಮ ಸಭೆಯಲ್ಲೇ ಇದೆ. ಆಗಲೂ ಇತ್ತು. ನಾನು ಯಾರನ್ನೂ ಕೇಳಲಿಲ್ಲ. ಅಕ್ಕನಾಗಿ ಒಂದು ಸಲ ಗುರುಗಳ ಮನೆ ಬಾಗಿಲು ತಟ್ಟಿದ್ದರೆ ಸಾಕಿತ್ತು. ನಾನು ಕಾಪಾಡಿದ್ದು ಸಭೆಯ ನಿಯಮವನ್ನಲ್ಲ, ನನ್ನ ಸಿಟ್ಟನ್ನು.

ಬೈಬಲಿನಲ್ಲಿ ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಒಂದು ಜಾಗ ಬರುತ್ತದೆ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಯೆಹೂದ್ಯರಲ್ಲದವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಕಟ್ಟುನಿಟ್ಟಿನ ಕೆಲವರು ಜೆರುಸಲೇಮಿನಿಂದ ಬಂದರು. ಪೇತ್ರ ಹೆದರಿ ಆ ಪಂಕ್ತಿಯಿಂದ ದೂರ ಸರಿದ. ಪೌಲ ಎಲ್ಲರ ಎದುರೇ ಅವನನ್ನು ಕೇಳಿಬಿಟ್ಟ. ಆ ವಾಚನ ಬಂದಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ.

ತಂಗೀ, ನಿಮ್ಮಲ್ಲಿ ಇರುವುದು ವಿಶ್ವಾಸವೋ ಅಭ್ಯಾಸವೋ ನನಗೆ ಗೊತ್ತಿಲ್ಲ. ಗಂಡನ ಜೊತೆ ಊಟಕ್ಕೆ ಕೂರುವುದನ್ನು ಮಾತ್ರ ಬಿಡಬೇಡಿ. ಅವರು ಏನೇ ಹೇಳಲಿ. ಆ ಡಬ್ಬ ಇನ್ನೂ ನನ್ನ ಹತ್ತಿರ ಇದೆ. ಪ್ರತಿ ಡಿಸೆಂಬರ್‌ನಲ್ಲಿ ತುಂಬಿಸಿ ಉಡುಪಿಗೆ ಕಳಿಸುತ್ತೇನೆ, ಖಾಲಿ ವಾಪಸ್ ಬರುವುದಿಲ್ಲ. ಆ ಅತ್ತೆಗೆ ಈಗ 90 ದಾಟಿದೆ.

*ಈ ಪತ್ರದ ನಂತರ ವಾದದ ಪತ್ರ ಹಾಕುವುದು ಕಷ್ಟ. ಆದರೆ "ನಂಬಿಕೆಯೊಂದೇ ಸಾಕು" ಎಂಬ ಮಾತನ್ನು ಆ ಮಾತಿನ ಮನೆಯವರೇ ಹೇಗೆ ಓದುತ್ತಾರೆ ಎಂದು ತಿಳಿಯುವುದು ಒಳ್ಳೆಯದು.*

ನಿವೃತ್ತ ಹೈಸ್ಕೂಲ್ ಶಿಕ್ಷಕ, ಧಾರವಾಡ

ನಾನು ಪ್ರೊಟೆಸ್ಟೆಂಟ್. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಮ್ಮ ಧಾರವಾಡಕ್ಕೆ ಬಂದರು. ನಮ್ಮ ಮನೆತನ ಆ ಕಾಲದಿಂದ ಈ ಸಭೆಯಲ್ಲಿದೆ. "ನಂಬಿಕೆಯೊಂದೇ" ಎನ್ನುವುದು ನಮಗೆ ಹಾಲಿನ ಜೊತೆ ಕುಡಿಸಿದ ಮಾತು. ಅದಕ್ಕೇ ಅದನ್ನು ಹೆಂಡತಿಯ ಮೇಲೆ ಎಸೆಯುವ ಕಲ್ಲಿನ ಹಾಗೆ ಬಳಸಿದರೆ ನನಗೆ ನೋವಾಗುತ್ತದೆ.

ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ತೆಗೆಯಿರಿ. 8 ಮತ್ತು 9ನೇ ವಚನ ನಮ್ಮವರಿಗೆ ಬಾಯಿಪಾಠ: ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ನಮ್ಮ ಕೆಲಸದಿಂದಲ್ಲ. ಎಲ್ಲರೂ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. 10ನೇ ವಚನ ಓದಿ. ಒಳ್ಳೆಯ ಕೆಲಸ ಮಾಡುವುದಕ್ಕೆಂದೇ ದೇವರು ನಮ್ಮನ್ನು ಉಂಟುಮಾಡಿದನು ಎಂದಿದೆ. ಯಾಕೋಬನ ಪತ್ರ ಇನ್ನೂ ನೇರ, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನುತ್ತದೆ. ನಮ್ಮ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಆ ಪತ್ರವನ್ನು ಹುಲ್ಲಿನ ಪತ್ರ, ಅಂದರೆ ತೂಕವಿಲ್ಲದ್ದು, ಎಂದು ಕರೆದದ್ದು ನಿಜ. ಆದರೂ ತನ್ನ ಬೈಬಲಿನಿಂದ ತೆಗೆದುಹಾಕಲಿಲ್ಲ.

ಈ ಜಗಳಕ್ಕೆ ಸಭೆಗಳು ಸುಮಾರು 500 ವರ್ಷ ಕೊಟ್ಟಿವೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ ಹಾದಿಯ ಲೂಥರನ್ನರೂ ಕೂತು ಒಂದು ಒಪ್ಪಿಗೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಅರ್ಹತೆಯಿಂದಲ್ಲ. ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ ಎಂದು ಇಬ್ಬರೂ ಒಪ್ಪಿದರು. 2006ರಲ್ಲಿ ಪ್ರೊಟೆಸ್ಟೆಂಟರ ಇನ್ನೊಂದು ಪಂಗಡವಾದ ಮೆಥಡಿಸ್ಟರೂ ಸೇರಿದರು. ಸಭೆಗಳೇ ಇಷ್ಟು ಹತ್ತಿರ ಬಂದಿರುವಾಗ ಒಂದೇ ಮನೆಯ ಇಬ್ಬರು ಯಾಕೆ ದೂರ ಆಗಬೇಕು? ನೀವು ವಿಶ್ವಾಸ ಅನ್ನುತ್ತೀರಿ, ಅವರು ನಂಬಿಕೆ ಅನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಇರುವುದು ಒಂದೇ ಪದ.

ಆಟೋ ಚಾಲಕ, ಬೆಂಗಳೂರು

ನಾನು ನಿಮ್ಮ ಯಜಮಾನರ ಥರದವನು. ನಾನೂ ಬಲಿಪೂಜೆ ಬಿಟ್ಟು ಪ್ರಾರ್ಥನಾ ಸಭೆಗೆ ಬಂದೆ. ಅವರ ಬಗ್ಗೆ ಬೇಗ ತೀರ್ಮಾನ ಮಾಡಬೇಡಿ. ನನಗೆ ಕುಡಿತ ಇತ್ತು. 9 ವರ್ಷ. ಇಲ್ಲಿ ಕುಡಿಯಬಾರದು, ಸಿನಿಮಾ ಬೇಡ, ಬೀಡಿ ಬೇಡ ಎಂದು ಕಟ್ಟುನಿಟ್ಟು. ಬುಧವಾರ, ಶುಕ್ರವಾರ, ಭಾನುವಾರ ಬರಲೇಬೇಕು. ಬರದಿದ್ದರೆ ರಾತ್ರಿ ಮನೆಗೇ ಬಂದು ಕೇಳುತ್ತಿದ್ದರು. ಆ ನಿಯಮಗಳೇ ನನ್ನನ್ನು ಉಳಿಸಿದ್ದು. ನಂಬಿಕೆ ಆಮೇಲೆ ಬಂತು, ನಿಧಾನಕ್ಕೆ. ಅದಕ್ಕೇ ನಮ್ಮವರು ನಿಯಮ ಇಲ್ಲ, ಬರೀ ನಂಬಿಕೆ ಅಂದರೆ ನಾನು ಒಪ್ಪಲ್ಲ.

ಒಡವೆ ವಿಷಯ. ಬೈಬಲಿನಲ್ಲಿ ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಹೊರಗಿನ ಅಲಂಕಾರಕ್ಕಿಂತ ಒಳಗಿನ ಅಲಂಕಾರ ದೊಡ್ಡದು ಅಂತ ಇದೆ. ನಾನೂ ಅದನ್ನು ತೋರಿಸಿ ಹೆಂಡತಿಯ ಕರಿಮಣಿ ತೆಗೆಸಿದೆ. ಅವಳು ತೆಗೆದು ಕೊಟ್ಟಳು, ಒಂದು ಮಾತೂ ಆಡಲಿಲ್ಲ. ಆ ವಚನ ಶಾಂತವಾದ ಮನಸ್ಸಿನ ಬಗ್ಗೆ ಹೇಳುತ್ತೆ. ಅವಳ ಶಾಂತಿ ಹೋಗಿದ್ದು ಅವತ್ತೇ. ನಾಲ್ಕು ತಿಂಗಳಾದ ಮೇಲೆ ನಾನೇ ವಾಪಸ್ ಕೊಟ್ಟೆ. ನಿಮ್ಮ ಯಜಮಾನರಿಗೆ ಈ ಪತ್ರ ಓದಿಸಿ.

*ಓದಿಸುವಿರೆಂದು ನಾವೂ ಆಶಿಸುತ್ತೇವೆ.*

82 ವರ್ಷದ ಓದುಗರು, ಮೈಸೂರು

ನನಗೆ 8 ವರ್ಷವಾಗಿದ್ದಾಗ ಮೊದಲ ಪರಮಪ್ರಸಾದ, ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ. 1952. ಆಗ ಹಿಂದಿನ ಮಧ್ಯರಾತ್ರಿಯಿಂದ ಒಂದು ತೊಟ್ಟು ನೀರೂ ಕುಡಿಯುವ ಹಾಗಿರಲಿಲ್ಲ. ನಮ್ಮ ಹಳ್ಳಿಯಿಂದ ದೇವಾಲಯಕ್ಕೆ ನಾಲ್ಕು ಮೈಲಿ. ದಾರಿಯಲ್ಲಿ ಮಳೆ ಹಿಡಿಯಿತು. ಬಾಯಿಗೆ ನೀರು ಬಿತ್ತು, ನುಂಗಿಬಿಟ್ಟೆ. ಉಪವಾಸ ಮುರಿಯಿತು ಎಂದುಕೊಂಡೆ. ಸಾಲಿನಲ್ಲಿ ಎಲ್ಲರೂ ಎದ್ದರು, ನಾನು ಬೆಂಚಿನಲ್ಲೇ ಕೂತೆ. ಅಮ್ಮ ಹೊಲಿಸಿದ ಬಿಳಿ ಅಂಗಿ ಮೈಗೆ ಅಂಟಿಕೊಂಡಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರುವರ್ಷವೇ, 1953ರಲ್ಲಿ, ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದು ಪೋಪ್ ಹನ್ನೆರಡನೇ ಪಿಯುಸ್ ಹೇಳಿದರು. 1957ರಲ್ಲಿ ಮೂರು ಗಂಟೆ ಉಪವಾಸ ಸಾಕು ಎಂದಾಯಿತು. 1964ರಲ್ಲಿ ಒಂದು ಗಂಟೆಗೆ ಇಳಿಯಿತು. ನಾನು ಈಗಲೂ ಆ ಒಂದು ಗಂಟೆ ಪಾಲಿಸುತ್ತೇನೆ, ಸಂತೋಷದಿಂದ. ಆದರೆ ಮಳೆ ಬಂದ ಭಾನುವಾರ ಆ ಹುಡುಗ ನೆನಪಾಗುತ್ತಾನೆ. ದೇವರು ಅವತ್ತು ಅವನಿಗೋಸ್ಕರ ಕಾಯುತ್ತಿದ್ದನು ಎಂದು ನನಗೆ ಈಗ ಅನುಮಾನವೇ ಇಲ್ಲ. ಹೆದರಿ ಹಿಂದೆ ಉಳಿದವನು ನಾನು.

ಧರ್ಮಭಗಿನಿ, ಬಳ್ಳಾರಿ

ಕೋಲ್ಕತ್ತದ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದವು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ಕತ್ತಲೆಯೇ ಇತ್ತು ಎಂದು ಆಗ ಲೋಕಕ್ಕೆ ತಿಳಿಯಿತು. ಅವರು ಬೆಳಿಗ್ಗೆ ಎದ್ದು ಪೂಜೆಗೆ ಕೂರುವುದನ್ನು ಬಿಡಲಿಲ್ಲ. ಬೀದಿಗೆ ಹೋಗುವುದನ್ನೂ ಬಿಡಲಿಲ್ಲ.

ನೀವು ತಂದೆಯನ್ನು ಕಳೆದುಕೊಂಡಿದ್ದೀರಿ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲು. ಅವರಿಗಾಗಿ ನೀವು ಸರಿಯಾಗಿ ಅತ್ತಿದ್ದೀರಾ? ಏನೂ ಅನ್ನಿಸದಿದ್ದರೂ ಹೋಗಿ ಕೂರುತ್ತೀರಲ್ಲ, ನಾನು ಅದನ್ನು ಅಭ್ಯಾಸ ಎಂದು ಕರೆಯಲಾರೆ. ಮುಂದಿನ ಸಲ ಜಪಸರ ಪೂರ್ತಿ ಹೇಳಲೇಬೇಕು ಎಂದುಕೊಳ್ಳಬೇಡಿ. ಒಂದೇ ಮಣಿ ಹಿಡಿದು ಅಪ್ಪನ ಹೆಸರು ಹೇಳಿ. ಅಳು ಬಂದರೆ ಅಲ್ಲಿಗೇ ನಿಲ್ಲಿಸಿ.

*ಹಾಸನದ ನಮ್ಮ ಓದುಗರು ಮೊದಲು ಓದಬೇಕಾದ ಪತ್ರ ಇದು ಎಂದು ನಮಗೆ ಅನ್ನಿಸಿತು. ಅಚ್ಚಿಗೆ ಹೋಗುವ ಮೊದಲೇ ಇದರ ಪ್ರತಿಯನ್ನು ಅವರಿಗೆ ಅಂಚೆಯಲ್ಲಿ ಕಳಿಸಿದ್ದೇವೆ.*

*ಕೊನೆಯ ಪತ್ರ ನೋಟ್‌ಬುಕ್ಕಿನ ಹಾಳೆಯಲ್ಲಿ ಬಂದಿದೆ. ಊರು ಹಾಕುವುದು ಬೇಡ ಎಂದಿದ್ದಾರೆ.*

ಹತ್ತನೇ ತರಗತಿ ವಿದ್ಯಾರ್ಥಿನಿ

ನಮ್ಮ ಮನೆಯಲ್ಲೂ ಹೀಗೇ. ಭಾನುವಾರ ಆರೂವರೆಗೆ ಅಮ್ಮನ ಜೊತೆ ಬಲಿಪೂಜೆ. ಹತ್ತಕ್ಕೆ ಅಪ್ಪನ ಜೊತೆ ಪ್ರಾರ್ಥನಾ ಸಭೆ. ಅಮ್ಮನ ಜೊತೆ ಹೋಗುವಾಗ ಓಲೆ ಹಾಕಿಕೊಳ್ಳುತ್ತೇನೆ. ವಾಪಸ್ ಬಂದು ತೆಗೆದು ಜಾಮಿಟ್ರಿ ಬಾಕ್ಸಿನಲ್ಲಿ ಇಡುತ್ತೇನೆ. ಎರಡೂ ಕಡೆ ಪ್ರಭು ಕಲಿಸಿದ ಪ್ರಾರ್ಥನೆ ಹೇಳುತ್ತಾರೆ. ನನಗೆ ಅದು ಹೇಳುವಾಗ ಚೆನ್ನಾಗಿ ಅನ್ನಿಸುತ್ತದೆ. ಇದನ್ನು ಮನೆಯಲ್ಲಿ ಹೇಳಿಲ್ಲ, ಎಲ್ಲಿ ಜಾಸ್ತಿ ಚೆನ್ನಾಗಿ ಅನ್ನಿಸುತ್ತದೆ ಎಂದು ಕೇಳುತ್ತಾರೆ ಅಂತ.

ಆಂಟಿ, ನಿಮ್ಮ ಮಗಳಿಗೆ ಏನು ಅನ್ನಿಸುತ್ತದೆ ಎಂದು ಒಂದು ಸಲ ಕೇಳಿ.